ತಿಮಿಂಗಿಲ ನೋಡಲು ಯಾವ ದೋಣಿ ಹತ್ತಬೇಕು?

ಮೊದಲ ಸಲ ನಾನು ಬುಕ್ ಮಾಡಿದ್ದು ಫೋಟೋ ನೋಡಿ. ದೋಣಿಯ ಪಕ್ಕದಲ್ಲೇ ತಿಮಿಂಗಿಲ ನೀರಿನಿಂದ ಮೇಲಕ್ಕೆ ಹಾರಿದ್ದ ಫೋಟೋ, ಅದರ ಮೇಲೆ ದಪ್ಪಕ್ಷರದಲ್ಲಿ "ಅತಿ ಹತ್ತಿರದಿಂದ ನೋಡಿ" ಅಂತ. ಒಂದೂವರೆ ಗಂಟೆಯ ಟ್ರಿಪ್. ಹೋಗಲು 35 ನಿಮಿಷ, ಬರಲು 35 ನಿಮಿಷ, ನಡುವೆ ಉಳಿದ 20 ನಿಮಿಷದಲ್ಲಿ ಇನ್ನೂ ನಾಲ್ಕು ದೋಣಿಗಳ ಜೊತೆ ನಮ್ಮದೂ ಒಂದೇ ಪ್ರಾಣಿಯ ಹಿಂದೆ ಓಡಿತು. ಕಂಡದ್ದು ಬೆನ್ನು ಮಾತ್ರ, ಅದೂ ನಮ್ಮಿಂದ ದೂರ ಸರಿಯುತ್ತಿದ್ದ ಬೆನ್ನು. ದಡಕ್ಕೆ ಬಂದ ಮೇಲೆ ಖುಷಿಗಿಂತ ಬೇಜಾರೇ ಜಾಸ್ತಿ ಇತ್ತು.

ಎರಡನೇ ಸಲ ನಾಲ್ಕು ಗಂಟೆಯ ಟ್ರಿಪ್ ಹಿಡಿದೆ. ಕ್ಯಾಪ್ಟನ್ ದೂರದಲ್ಲೇ ವೇಗ ಇಳಿಸಿದರು, ಆಮೇಲೆ ಎಂಜಿನ್ನೇ ನಿಲ್ಲಿಸಿದರು. ಸುಮಾರು ಹೊತ್ತು ಏನೂ ಇಲ್ಲ. ಅಲೆ ದೋಣಿಗೆ ಬಡಿಯುವ ಸದ್ದಷ್ಟೇ. ಇದ್ದಕ್ಕಿದ್ದಂತೆ ಎಡಗಡೆ, ಲಾರಿ ಟೈರಿನ ಗಾಳಿ ಒಂದೇ ಸಲ ಬಿಟ್ಟ ಹಾಗೆ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಬಿಳಿ ಮಂಜು ಗಾಳಿಯಲ್ಲಿ ತೇಲಿಕೊಂಡು ನಮ್ಮ ಮೇಲೇ ಬಂತು, ಕೊಳೆತ ಮೀನಿನ ವಾಸನೆ ಸಮೇತ. ಅದು ತಿಮಿಂಗಿಲದ ಉಸಿರು. ಕನ್ನಡಕದ ಮೇಲೆ ಜಿಡ್ಡು ಹನಿಗಳು ಕೂತಿದ್ದವು, ಒರೆಸಲು ಮನಸ್ಸೇ ಬರಲಿಲ್ಲ. ಹಂಪ್‌ಬ್ಯಾಕ್ ಅನ್ನುವ ಜಾತಿಯ ಎರಡು ತಿಮಿಂಗಿಲಗಳು ಅರ್ಧ ಗಂಟೆ ನಮ್ಮ ಸುತ್ತಮುತ್ತಲೇ ಇದ್ದವು. ನಾವು ಅವುಗಳ ಹತ್ತಿರ ಹೋಗಲಿಲ್ಲ, ಅವೇ ಬಂದವು.

ಅವತ್ತಿನಿಂದ ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ. ಹತ್ತಿರಕ್ಕೆ ದುಡ್ಡು ಕೊಡಬೇಡಿ, ಹೊತ್ತಿಗೆ ಕೊಡಿ. ಎರಡು ಟ್ರಿಪ್‌ಗಳ ನಡುವೆ ಯಾವುದನ್ನು ಆರಿಸುವುದು ಅಂತ ಗೊಂದಲವಾದರೆ, ತಿಮಿಂಗಿಲ ಇರುವ ನೀರಿನಲ್ಲಿ ಯಾವ ದೋಣಿ ಜಾಸ್ತಿ ಹೊತ್ತು ಸುಮ್ಮನೆ ನಿಲ್ಲುತ್ತದೋ ಅದನ್ನು ಹಿಡಿಯಿರಿ. ಉಳಿದದ್ದೆಲ್ಲ ಅದರ ಸುತ್ತಲಿನ ಲೆಕ್ಕ.

ದೋಣಿಗಿಂತ ಮೊದಲು ತಿಂಗಳು

ಎಷ್ಟೋ ಜನ ರಜೆ ಯಾವಾಗ ಅಂತ ನೋಡಿ, ಊರು ಗೊತ್ತು ಮಾಡಿ, ಕೊನೆಗೆ ಅಲ್ಲಿ ಯಾವ ದೋಣಿ ಇದೆ ಅಂತ ಹುಡುಕುತ್ತಾರೆ. ಆದರೆ ತಿಮಿಂಗಿಲ ನಮ್ಮ ರಜೆಗೆ ಕಾಯುವುದಿಲ್ಲ ಅಲ್ವಾ? ಹಂಪ್‌ಬ್ಯಾಕ್ ಬೇಸಿಗೆಯಲ್ಲಿ ತಣ್ಣನೆಯ ಕಡಲಲ್ಲಿ ಹೊಟ್ಟೆ ತುಂಬ ತಿಂದು, ಚಳಿಗಾಲಕ್ಕೆ ಸಾವಿರಾರು ಕಿಲೋಮೀಟರ್ ಈಜಿ ಬೆಚ್ಚಗಿನ ಕಡಲಿಗೆ ಬಂದು ಮರಿ ಹಾಕುತ್ತದೆ. ಬೂದು ತಿಮಿಂಗಿಲ ಹೋಗಿ ಬರುವ ದಾರಿ ವರ್ಷಕ್ಕೆ 16,000 ಕಿಲೋಮೀಟರ್‌ಗಿಂತ ಹೆಚ್ಚು. ಹಾಗಾಗಿ ಒಂದೇ ಕರಾವಳಿಯಲ್ಲಿ ಒಂದು ತಿಂಗಳು ಕಡಲು ತುಂಬ ಇರುತ್ತವೆ, ಎರಡು ತಿಂಗಳು ಬಿಟ್ಟು ಹೋದರೆ ಒಂದೂ ಇರುವುದಿಲ್ಲ.

ಹವಾಯಿಯಲ್ಲಿ ಹಂಪ್‌ಬ್ಯಾಕ್ ನೋಡಬೇಕೆಂದರೆ ಡಿಸೆಂಬರ್‌ನಿಂದ ಏಪ್ರಿಲ್. ಆಸ್ಟ್ರೇಲಿಯಾದ ಹರ್ವಿ ಬೇಯಲ್ಲಿ ಅದೇ ಜಾತಿಯನ್ನು ನೋಡಬೇಕೆಂದರೆ ಜುಲೈಯಿಂದ ಅಕ್ಟೋಬರ್, ಯಾಕೆಂದರೆ ಭೂಮಿಯ ಆ ಅರ್ಧದಲ್ಲಿ ಋತುಗಳು ತಿರುವುಮುರುವು. ಶ್ರೀಲಂಕಾದ ಮಿರಿಸ್ಸಾದಲ್ಲಿ ನೀಲಿ ತಿಮಿಂಗಿಲಕ್ಕೆ ನವೆಂಬರ್‌ನಿಂದ ಏಪ್ರಿಲ್. ಆಮೇಲೆ ಮುಂಗಾರು ಹಿಡಿದು ಆ ಕಡೆಯ ಕಡಲು ಕೆರಳುತ್ತದೆ, ಆಗ ನೋಡುವವರು ದ್ವೀಪದ ಪೂರ್ವಕ್ಕೆ, ಟ್ರಿಂಕೋಮಲಿ ಕಡೆಗೆ ಹೋಗುತ್ತಾರೆ. ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯ ದ್ವೀಪಕ್ಕೆ ರೈಟ್ ವೇಲ್ ಅನ್ನುವ ಜಾತಿಯ ತಿಮಿಂಗಿಲಗಳು ಜೂನ್‌ನಿಂದ ಡಿಸೆಂಬರ್‌ವರೆಗೆ ಬರುತ್ತವೆ. ಉತ್ತರ ನಾರ್ವೆಯ ಶೆರ್ವೊಯ್ ಸುತ್ತಮುತ್ತ ನವೆಂಬರ್‌ನಿಂದ ಜನವರಿವರೆಗೆ ಹೆರಿಂಗ್ ಮೀನಿನ ಹಿಂಡುಗಳ ಹಿಂದೆ ಓರ್ಕಾ ಅನ್ನುವ ಕಪ್ಪುಬಿಳುಪಿನ ಬೇಟೆಗಾರ ತಿಮಿಂಗಿಲಗಳೂ ಹಂಪ್‌ಬ್ಯಾಕ್‌ಗಳೂ ಬರುತ್ತವೆ, ಆದರೆ ಆ ತಿಂಗಳುಗಳಲ್ಲಿ ಅಲ್ಲಿ ದಿನಕ್ಕೆ ಕೆಲವೇ ಗಂಟೆ ಮಸುಕು ಬೆಳಕು ಇರುತ್ತದೆ. ಫೋಟೋಗೆ ಅಂತಲೇ ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು.

ವರ್ಷವಿಡೀ ತಿಮಿಂಗಿಲ ಇರುವ ಜಾಗಗಳೂ ಇವೆ, ಅದಕ್ಕೆ ಕಾರಣ ಕಡಲ ತಳದಲ್ಲಿರುತ್ತದೆ. ನ್ಯೂಜಿಲೆಂಡಿನ ಕೈಕೋರಾದಲ್ಲಿ ದಡದಿಂದ ಸ್ವಲ್ಪ ದೂರದಲ್ಲೇ ಆಳದ ಕಣಿವೆ ಇದೆ. ಅಲ್ಲಿ ಸ್ಪರ್ಮ್ ವೇಲ್ ಅನ್ನುವ, ಆಳಕ್ಕೆ ಮುಳುಗುವ ತಿಮಿಂಗಿಲಗಳು ಬೇಸಿಗೆ ಚಳಿಗಾಲ ಅನ್ನದೆ ಬೇಟೆಯಾಡುತ್ತವೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲೂ ಇಂಥದ್ದೇ ಕಣಿವೆ ಇದೆ, ಆದರೆ ಅಲ್ಲಿ ಪ್ರಾಣಿ ಬದಲಾಗುತ್ತದೆ. ಚಳಿಗಾಲದಲ್ಲಿ ಬೂದು ತಿಮಿಂಗಿಲ, ಬೇಸಿಗೆಯಿಂದ ಶರತ್ಕಾಲದವರೆಗೆ ಹಂಪ್‌ಬ್ಯಾಕ್ ಮತ್ತು ನೀಲಿ. ಆದ್ದರಿಂದ "ವರ್ಷಪೂರ್ತಿ ಟ್ರಿಪ್ ಇದೆ" ಅಂತ ಬರೆದಿರುವುದನ್ನು ನೋಡಿದರೆ ಒಂದು ಪ್ರಶ್ನೆ ಕೇಳಿ: ನಾನು ಬರುವ ವಾರದಲ್ಲಿ ಯಾವ ಜಾತಿ ಇರುತ್ತದೆ? ಇದಕ್ಕೆ ನೇರವಾಗಿ ಉತ್ತರ ಕೊಡದವರ ದೋಣಿ ಬೇಡ.

ನಿಮಗೆ ಏನು ನೋಡುವ ಆಸೆ?

ಇದನ್ನು ಮನೆಯಲ್ಲೇ ಕೂತು ಯೋಚಿಸಿಕೊಳ್ಳಿ. ತಿಮಿಂಗಿಲ ಅಂದರೆ ಎಲ್ಲವೂ ಒಂದೇ ಥರ ಅಲ್ಲ.

ನೀರಿನಿಂದ ಹಾರುವುದು, ಬಾಲ ಬಡಿಯುವುದು, ಈಜುಕೈ ಎತ್ತಿ ಹೊಡೆಯುವುದು, ಇದೆಲ್ಲ ನೋಡಬೇಕೆಂದರೆ ಹಂಪ್‌ಬ್ಯಾಕ್. ಅದರಲ್ಲೂ ಎರಡು ಬಗೆಯ ನೋಟ ಇದೆ. ಮರಿ ಹಾಕುವ ಬೆಚ್ಚಗಿನ ಕಡಲಲ್ಲಿ ಗಂಡುಗಳ ಓಟ, ಹಾರಾಟ, ತಾಯಿಯ ಬೆನ್ನಿಗೆ ಅಂಟಿಕೊಂಡ ಮರಿ. ತಿನ್ನುವ ತಣ್ಣನೆಯ ಕಡಲಲ್ಲಿ ಬಾಯಿ ತೆರೆದು ಮೇಲೆ ನುಗ್ಗುವುದು, ಅಲಾಸ್ಕಾದಂಥ ಕಡೆ ಗುಂಪಾಗಿ ಗುಳ್ಳೆಗಳ ಬಲೆ ಕಟ್ಟಿ ಮೀನನ್ನು ಒಟ್ಟುಗೂಡಿಸುವುದು. ನನ್ನ ಮಟ್ಟಿಗೆ ತಿನ್ನುವುದನ್ನು ನೋಡುವುದೇ ಹೆಚ್ಚು ಚೆಂದ, ಯಾಕೆಂದರೆ ಅಲ್ಲಿ ಅವು ಒಂದೇ ಜಾಗದಲ್ಲಿ ಬಹಳ ಹೊತ್ತು ಇರುತ್ತವೆ.

ನೀಲಿ ತಿಮಿಂಗಿಲ ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ, ಸುಮಾರು 30 ಮೀಟರ್‌ವರೆಗೂ ಬೆಳೆಯುತ್ತದೆ. ಆದರೆ ಅದು ಹಾರಾಡುವ ಪ್ರಾಣಿಯಲ್ಲ. ಎತ್ತರಕ್ಕೆ ಕಂಬದ ಹಾಗೆ ಏಳುವ ಉಸಿರು, ಆಮೇಲೆ ಮುಗಿಯದೇ ಜಾರುತ್ತ ಹೋಗುವ ನೀಲಿಬೂದು ಬೆನ್ನು, ಕೊನೆಯಲ್ಲಿ ಸೊಂಟದ ಹತ್ತಿರ ಪುಟ್ಟ ರೆಕ್ಕೆ. ಅಷ್ಟೇ. ಆ "ಅಷ್ಟೇ"ಯಲ್ಲೇ ಮೈ ಜುಮ್ ಅನ್ನುತ್ತದೆ, ಆದರೆ ಹಾರುವುದನ್ನು ನೋಡುವ ಆಸೆ ಹೊತ್ತ ಮಕ್ಕಳನ್ನು ಕರೆದುಕೊಂಡು ಹೋದರೆ ಅವರಿಗೆ ಬೇಸರ ಆಗಬಹುದು.

ಸ್ಪರ್ಮ್ ವೇಲ್‌ಗೆ ತಾಳ್ಮೆ ಬೇಕು. ಮುಳುಗಿದರೆ 40 ನಿಮಿಷದಿಂದ ಒಂದು ಗಂಟೆ ಕೆಳಗೇ ಇರುತ್ತದೆ, ಮೇಲೆ ಬಂದರೆ ಹತ್ತು ನಿಮಿಷದ ಆಸುಪಾಸು ತೇಲುತ್ತಾ ಉಸಿರಾಡಿ, ಬಾಲ ಎತ್ತಿ ಮತ್ತೆ ಕೆಳಗೆ. ಒಳ್ಳೆಯ ದೋಣಿಯವರು ನೀರಿಗೆ ಮೈಕ್ ಇಳಿಸಿ ಅದರ ಟಕ್ ಟಕ್ ಸದ್ದು ಕೇಳಿ ಎಲ್ಲಿ ಏಳಬಹುದು ಅಂತ ಅಂದಾಜು ಮಾಡುತ್ತಾರೆ. ಆ ಸದ್ದನ್ನು ಸ್ಪೀಕರಿನಲ್ಲಿ ನಮಗೂ ಕೇಳಿಸಿದರೆ ಕಾಯುವ ಹೊತ್ತೂ ಟ್ರಿಪ್ಪಿನ ಒಂದು ಭಾಗವೇ ಆಗಿಬಿಡುತ್ತದೆ. ಇಂಥ ಜಾತಿ ನೋಡಲು ಎರಡು ಗಂಟೆಗಿಂತ ಕಡಿಮೆ ಅವಧಿಯ ಟ್ರಿಪ್ ತೆಗೆದುಕೊಂಡರೆ ಅದೃಷ್ಟದ ಮೇಲೆ ಬಿಟ್ಟ ಹಾಗೆ.

ಇನ್ನು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಸಾನ್ ಇಗ್ನಾಸಿಯೊ ಲಗೂನ್ ಅಂತ, ಕಡಲಿಗೆ ತೆರೆದುಕೊಂಡ ಹಿನ್ನೀರು ಇದೆ. ಜನವರಿ ಕೊನೆಯಿಂದ ಏಪ್ರಿಲ್ ಮೊದಲವರೆಗೆ ಬೂದು ತಿಮಿಂಗಿಲಗಳು ಅಲ್ಲಿ ಮರಿಗಳ ಜೊತೆ ಇರುತ್ತವೆ. ಅಲ್ಲಿನ ಪಾಂಗಾ ಅನ್ನುವ ಸಣ್ಣ ದೋಣಿಗಳ ಬಳಿಗೆ ತಾವಾಗಿಯೇ ಬಂದು ತಲೆ ಎತ್ತಿ ನೋಡುತ್ತವೆ. ಒಂದು ಕಾಲದಲ್ಲಿ ಬಾಹಾದ ಈ ಲಗೂನ್‌ಗಳಲ್ಲೇ ಮನುಷ್ಯರು ಅವುಗಳನ್ನು ಈಟಿ ಹಾಕಿ ಕೊಂದಿದ್ದಾರೆ. ಅದನ್ನು ನೆನೆದರೆ ಈ ನಂಬಿಕೆ ಎಷ್ಟು ದೊಡ್ಡದು ಅನ್ನಿಸುತ್ತದೆ.

ದೊಡ್ಡ ದೋಣಿ, ಸಣ್ಣ ದೋಣಿ

ಈಗ ಎಲ್ಲರೂ ಕೇಳುವ ಪ್ರಶ್ನೆ. ನೂರು, ನೂರೈವತ್ತು ಜನ ಹಿಡಿಯುವ ದೊಡ್ಡ ಬೋಟ್ ಒಳ್ಳೆಯದಾ, ಹತ್ತು ಹನ್ನೆರಡು ಜನರ ರಬ್ಬರ್ ಬೋಟ್ ಒಳ್ಳೆಯದಾ?

ರಬ್ಬರ್ ಬೋಟ್ ಅಂದರೆ ಸುತ್ತ ಗಾಳಿ ತುಂಬಿದ ಕೊಳವೆ, ಕೆಳಗೆ ಗಟ್ಟಿ ತಳ, ಹಿಂದೆ ಬಲವಾದ ಎಂಜಿನ್. ಜಾಹೀರಾತಿನಲ್ಲಿ ಇದನ್ನು "ಹತ್ತಿರ ಹೋಗುವ ದೋಣಿ" ಅಂತಲೇ ಮಾರುತ್ತಾರೆ. ಇಲ್ಲೇ ಜನ ಎಡವುವುದು. ಎಷ್ಟು ದೂರದಲ್ಲಿ ನಿಲ್ಲಬೇಕು ಅನ್ನುವ ಕಾನೂನು ಸಾಮಾನ್ಯವಾಗಿ ದೊಡ್ಡ ಬೋಟಿಗೂ ಸಣ್ಣ ಬೋಟಿಗೂ ಒಂದೇ. ರಬ್ಬರ್ ಬೋಟಿನಲ್ಲಿ ನಿಮಗೆ ಸಿಗುವುದು ಬೇರೆ: ನೀರಿನ ಮಟ್ಟದಲ್ಲಿ ಕೂತಿರುತ್ತೀರಿ, ಹಾಗಾಗಿ ಎದ್ದ ಬೆನ್ನು ಗುಡ್ಡದಂತೆ ಕಾಣುತ್ತದೆ. ಜಾಗಕ್ಕೆ ಬೇಗ ತಲುಪುತ್ತೀರಿ. ಯಾರ ತಲೆಯೂ ಅಡ್ಡ ಬರುವುದಿಲ್ಲ. ಕಳೆದುಕೊಳ್ಳುವುದೂ ಇದೆ. ದೂರದ ಉಸಿರು ಕಾಣುವುದಿಲ್ಲ, ಶೌಚಾಲಯ ಇರುವುದಿಲ್ಲ, ನೀರು ಮುಖಕ್ಕೆ ರಾಚುತ್ತದೆ, ಅಲೆ ಮೇಲಿಂದ ಕೆಳಗೆ ಬಿದ್ದಾಗಲೆಲ್ಲ ಆ ಏಟು ನೇರ ಬೆನ್ನುಮೂಳೆಗೆ ಹೋಗುತ್ತದೆ. ಬೆನ್ನುನೋವು ಇರುವವರು, ಗರ್ಭಿಣಿಯರು, ತೀರಾ ಚಿಕ್ಕ ಮಕ್ಕಳು ಇದನ್ನು ಹತ್ತಲೇಬಾರದು. ಬಹಳಷ್ಟು ಕಡೆ ಹತ್ತಲು ಬಿಡುವುದೂ ಇಲ್ಲ.

ದೊಡ್ಡ ಬೋಟಿನ ಬಲ ಎತ್ತರ. ಎರಡನೇ ಡೆಕ್ಕಿನಿಂದ ಕಡಲು ಹಾಸಿದ ಬಟ್ಟೆಯಂತೆ ಕಾಣುತ್ತದೆ, ತಿಳಿನೀರಿದ್ದರೆ ತಿಮಿಂಗಿಲ ನೀರೊಳಗೆ ತಿರುಗುವುದೂ ಕಾಣುತ್ತದೆ. ಒಳಗೆ ಕೂರಲು ಜಾಗ, ಶೌಚಾಲಯ, ಬಿಸಿ ಕುಡಿಯಲು ಏನಾದರೂ ಇರುತ್ತದೆ. ತೊಂದರೆ ಒಂದೇ, ಜನ. "ಬಲಗಡೆ!" ಅಂತ ಗೈಡ್ ಕೂಗಿದ ತಕ್ಷಣ ಇಡೀ ಬೋಟು ಬಲಗಡೆಯ ಕಂಬಿಗೆ ಮುಗಿಬೀಳುತ್ತದೆ, ಹಿಂದೆ ನಿಂತವರಿಗೆ ಕಾಣುವುದು ಎತ್ತಿದ ಫೋನುಗಳು. ಅದಕ್ಕೇ ಬುಕ್ ಮಾಡುವಾಗ ಬೋಟಿನಲ್ಲಿ ಎಷ್ಟು ಸೀಟಿದೆ ಅನ್ನುವುದಕ್ಕಿಂತ ಒಂದು ಟ್ರಿಪ್ಪಿಗೆ ಎಷ್ಟು ಜನರನ್ನು ಹತ್ತಿಸುತ್ತಾರೆ, ಸುತ್ತಲೂ ನಡೆದಾಡುವ ಹೊರಗಿನ ಡೆಕ್ ಇದೆಯಾ ಅಂತ ಕೇಳಿ. ಅರ್ಧ ತುಂಬಿಸಿ ಹೋಗುವವರೂ ಇದ್ದಾರೆ. ಅಂಥವರು ಸಿಕ್ಕರೆ ಬಿಡಬೇಡಿ.

ಒಂದೇ ತಳದ ಬೋಟು ಮತ್ತು ಎರಡು ತಳದ ಕ್ಯಾಟಮರಾನ್ ನಡುವೆ ಆರಿಸುವುದಾದರೆ ಕ್ಯಾಟಮರಾನ್. ಪಕ್ಕಕ್ಕೆ ಕಡಿಮೆ ಓಲಾಡುತ್ತದೆ. ಅಡ್ಡ ಅಲೆ ಇದ್ದಾಗ ಸಣ್ಣ ಸಣ್ಣ ಜರ್ಕ್ ಕೊಡುತ್ತದೆ, ಅದನ್ನು ತಡೆದುಕೊಳ್ಳಬಹುದು.

ನನಗೆ ಇಷ್ಟ ಇವೆರಡರ ನಡುವಿನದು. ಇಪ್ಪತ್ತರಿಂದ ಐವತ್ತು ಜನರ ಬೋಟು, ತಗ್ಗಿನ ಡೆಕ್, ಮೇಲೊಂದು ನಿಲ್ಲುವ ಜಾಗ, ಒಳಗೊಂದು ಶೌಚಾಲಯ. ಎಲ್ಲರಿಗೂ ಕಂಬಿ ಸಿಗುತ್ತದೆ, ಗೈಡ್ ಹೆಸರು ಹಿಡಿದು ಮಾತಾಡಿಸುವಷ್ಟು ಕಡಿಮೆ ಜನ. ಮೂರು ನಾಲ್ಕು ಗಂಟೆ ಆರಾಮಾಗಿ ಕಳೆಯಬಹುದು. ಮೊದಲ ಸಲ ಹೋಗುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ಹಾಯಿದೋಣಿ ಬೇರೆಯದೇ ಅನುಭವ. ಐಸ್‌ಲ್ಯಾಂಡಿನ ಹೂಸಾವಿಕ್‌ನಲ್ಲಿ ಹಳೆಯ ಮರದ ಮೀನುಗಾರಿಕೆ ದೋಣಿಗಳನ್ನೇ ರಿಪೇರಿ ಮಾಡಿ ಇದಕ್ಕೆ ಬಳಸುತ್ತಾರೆ, ಕೆಲವಕ್ಕೆ ಹಾಯಿಯೂ ಇದೆ. ತಿಮಿಂಗಿಲ ಬದುಕುವುದೇ ಸದ್ದಿನ ಮೇಲೆ. ದಾರಿ, ಬೇಟೆ, ಮಾತು ಎಲ್ಲಕ್ಕೂ ಅದಕ್ಕೆ ಕಿವಿಯೇ ಬೇಕು. ಎಂಜಿನ್ ಸದ್ದು ನಿಂತ ದೋಣಿಯ ಸುತ್ತ ಅದು ನಿರಾಳವಾಗಿರುತ್ತದೆ, ನಮಗೂ ಅದರ ಉಸಿರು ಪೂರ್ತಿ ಕೇಳುತ್ತದೆ. ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ, ಅರ್ಧ ದಿನ ಇಟ್ಟುಕೊಳ್ಳಿ. ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿ, ಅದರಲ್ಲಿ ಅನುಭವ ಇದ್ದವರಿಗೆ ಮಾತ್ರ, ಅದೂ ಕೊಲ್ಲಿಯೊಳಗಿನ ಶಾಂತ ನೀರಿನಲ್ಲಿ.

ದೋಣಿಯೇ ಬೇಡದ ಜಾಗಗಳೂ ಇವೆ, ಇದನ್ನು ಯಾರೂ ಹೇಳುವುದಿಲ್ಲ ಯಾಕೆಂದರೆ ಇದರಲ್ಲಿ ಯಾರಿಗೂ ಟಿಕೆಟ್ ಮಾರಲು ಆಗುವುದಿಲ್ಲ. ದಕ್ಷಿಣ ಆಫ್ರಿಕಾದ ಹರ್ಮಾನಸ್‌ನಲ್ಲಿ ಬಂಡೆಯ ಮೇಲಿನ ಕಾಲುದಾರಿಯಲ್ಲಿ ನಿಂತರೆ ರೈಟ್ ವೇಲ್‌ಗಳು ಕೆಳಗೆ ತೇಲುತ್ತಿರುತ್ತವೆ. ಆಗಸ್ಟ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ಕಡಲಕಳೆಯ ಕೊಂಬು ಊದಿ ಎಲ್ಲಿ ಕಂಡವು ಅಂತ ಸಾರುವ ಕೆಲಸಕ್ಕೇ ಅಲ್ಲೊಬ್ಬರನ್ನು ನೇಮಿಸಿರುತ್ತಾರೆ. ದೋಣಿ ಹತ್ತಿದರೆ ವಾಂತಿ ಗ್ಯಾರಂಟಿ ಅನ್ನುವವರು, ವಯಸ್ಸಾದವರು ಇಂಥ ಕರಾವಳಿಯನ್ನೇ ಆರಿಸಿಕೊಳ್ಳಿ. ಪ್ರಾಣಿಗಳಿಗೂ ಇದರಿಂದ ಒಂಚೂರೂ ತೊಂದರೆ ಇಲ್ಲ.

ದೂರದ ಲೆಕ್ಕ

ಅಮೆರಿಕದ ಹವಾಯಿಯಲ್ಲಿ ಹಂಪ್‌ಬ್ಯಾಕ್‌ನಿಂದ 100 ಗಜ, ಅಂದರೆ ಸುಮಾರು 90 ಮೀಟರ್ ದೂರ ಇರಬೇಕು. ಆಸ್ಟ್ರೇಲಿಯಾದಲ್ಲಿ 100 ಮೀಟರ್, ಮರಿ ಇದ್ದರೆ 300. ನ್ಯೂಜಿಲೆಂಡಿನಲ್ಲಿ 50 ಮೀಟರ್, ಮತ್ತು 300 ಮೀಟರ್ ಒಳಗೆ ಮೂರಕ್ಕಿಂತ ಹೆಚ್ಚು ದೋಣಿ ಇರುವಂತಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಅಳಿವಿನಂಚಿನ ಓರ್ಕಾಗಳಿಗಾಗಿ 2025ರಿಂದ 1,000 ಗಜ ಮಾಡಿದ್ದಾರೆ. ನೀವು ಹೋಗುವ ಕರಾವಳಿಯ ಅಂಕಿ ಯಾವುದು ಅಂತ ಹೊರಡುವ ಮೊದಲು ನೋಡಿಕೊಳ್ಳಿ. ಆಮೇಲೆ ದೋಣಿಯವರ ಫೋಟೋಗಳನ್ನು ನೋಡಿ. 100 ಮೀಟರ್ ನಿಯಮ ಇರುವ ಕಡೆ ಪ್ರತಿ ಫೋಟೋದಲ್ಲೂ ಕೈಗೆ ಎಟುಕುವ ತಿಮಿಂಗಿಲ ಇದ್ದರೆ ಯೋಚಿಸಬೇಕು. ತಿಮಿಂಗಿಲ ತಾನಾಗಿ ಬಂದದ್ದೂ ಇರಬಹುದು, ಆದರೆ ದಿನವೂ ಹಾಗಾಗುವುದಿಲ್ಲ.

ಒಳ್ಳೆಯ ಕ್ಯಾಪ್ಟನ್‌ನನ್ನು ಗುರುತಿಸುವುದು ಕಷ್ಟವಲ್ಲ. ಅವರು ಮುಂದಿನಿಂದ ಹೋಗಿ ಅಡ್ಡ ಹಾಕುವುದಿಲ್ಲ, ಬೆನ್ನ ಹಿಂದೆ ಅಟ್ಟಿಸಿಕೊಂಡೂ ಹೋಗುವುದಿಲ್ಲ. ಪಕ್ಕದಲ್ಲಿ, ಅದರ ವೇಗಕ್ಕೇ, ದೂರ ಕಾಯ್ದುಕೊಂಡು ಸಾಗುತ್ತಾರೆ. ಆಗಲೇ ಮೂರು ದೋಣಿ ನಿಂತಿದ್ದರೆ ಹೊರಗೆ ಕಾಯುತ್ತಾರೆ, ಇಲ್ಲವೇ ಬೇರೆ ಕಡೆ ಹೊರಡುತ್ತಾರೆ. ಪ್ರಾಣಿ ಮತ್ತೆ ಮತ್ತೆ ದಿಕ್ಕು ಬದಲಿಸಿದರೆ, ಮುಳುಗಿದ್ದು ಬಹಳ ಹೊತ್ತು ಏಳದಿದ್ದರೆ, "ಇದಕ್ಕೆ ನಾವು ಬೇಡ" ಅಂತ ಮೈಕಿನಲ್ಲಿ ಹೇಳಿ ತಿರುಗಿಸುತ್ತಾರೆ. ಅಂಥ ದೋಣಿಯಲ್ಲಿ ಯಾರಾದರೂ ಗೊಣಗಿದರೆ ದಯವಿಟ್ಟು ನೀವು ಕ್ಯಾಪ್ಟನ್ ಪರ ಮಾತಾಡಿ. ಬುಕ್ ಮಾಡುವ ಮೊದಲು ಫೋನಿನಲ್ಲೋ ಮೆಸೇಜಿನಲ್ಲೋ "ಎಷ್ಟು ಹತ್ತಿರ ಹೋಗುತ್ತೀರಿ?" ಅಂತ ಕೇಳಿ ನೋಡಿ. ನಿಯಮ ಹೇಳಿದರೆ ಒಳ್ಳೆಯವರು. "ನಿಮಗೆ ಎಷ್ಟು ಬೇಕೋ ಅಷ್ಟು" ಅಂದರೆ ಅಲ್ಲಿಗೆ ಬಿಡಿ.

ಗ್ಯಾರಂಟಿ ಅಂದರೆ ಏನು

"ಕಾಣದಿದ್ದರೆ ಗ್ಯಾರಂಟಿ" ಅನ್ನುವ ಮಾತನ್ನು ಪೂರ್ತಿ ಓದಿ. ಹೆಚ್ಚಿನ ಕಡೆ ದುಡ್ಡು ವಾಪಸ್ ಬರುವುದಿಲ್ಲ, ಇನ್ನೊಂದು ಟ್ರಿಪ್ ಉಚಿತ ಕೊಡುತ್ತಾರೆ. ನಾಳೆಯೇ ಆ ಊರು ಬಿಡುವವರಿಗೆ ಅದರಿಂದ ಏನು ಉಪಯೋಗ? ಇನ್ನೊಂದು ವಿಷಯ, "ಕಂಡಿತು" ಅಂತ ಲೆಕ್ಕ ಹಾಕುವಾಗ ಡಾಲ್ಫಿನ್ನನ್ನೂ ಸೇರಿಸುತ್ತಾರಾ ಅಂತ ಕೇಳಿ. ಡಾಲ್ಫಿನ್ ಕಂಡರೆ ನನಗೂ ಖುಷಿಯೇ, ಆದರೆ ತಿಮಿಂಗಿಲಕ್ಕೆ ಅಂತ ಹೋದವರಿಗೆ ಲೆಕ್ಕ ಸ್ಪಷ್ಟವಾಗಿರಬೇಕು. ಹಿಂದಿನ ವಾರ ಏನೇನು ಕಂಡಿತು ಅಂತ ದಿನಾಂಕ ಹಾಕಿ ಬರೆದಿಡುವ ದೋಣಿಯವರು ಇದ್ದಾರೆ, ಏನೂ ಕಾಣದ ದಿನವನ್ನೂ ಬರೆಯುವವರು. ಅಂಥವರನ್ನು ನಾನು ಗ್ಯಾರಂಟಿ ಕೊಡುವವರಿಗಿಂತ ಜಾಸ್ತಿ ನಂಬುತ್ತೇನೆ.

ಟ್ರಿಪ್ ಅವಧಿಯನ್ನೂ ಇದೇ ಕಣ್ಣಿನಿಂದ ನೋಡಿ. ಬಂದರಿನಿಂದ ತಿಮಿಂಗಿಲ ಇರುವ ಜಾಗಕ್ಕೆ ಎಷ್ಟು ಹೊತ್ತು, ಅದನ್ನು ಎರಡರಿಂದ ಗುಣಿಸಿ ಒಟ್ಟು ಅವಧಿಯಿಂದ ಕಳೆಯಿರಿ. ಉಳಿದದ್ದೇ ನೀವು ನಿಜವಾಗಿ ಕೊಳ್ಳುತ್ತಿರುವುದು. ಎರಡು ಗಂಟೆಯ ಟ್ರಿಪ್ ಹತ್ತೇ ನಿಮಿಷದಲ್ಲಿ ಜಾಗ ತಲುಪಿದರೆ, ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ದಾರಿ ಸವೆಸುವ ಮೂರು ಗಂಟೆಯ ಟ್ರಿಪ್ಪಿಗಿಂತ ಅದೇ ವಾಸಿ.

ಹೊರಡುವ ದಿನ

ಆ ಊರಿನಲ್ಲಿ ಮೂರು ದಿನ ಇರುತ್ತೀರಾದರೆ ಮೊದಲ ದಿನವೇ ದೋಣಿ ಇಟ್ಟುಕೊಳ್ಳಿ. ಗಾಳಿ ಎದ್ದು ಟ್ರಿಪ್ ರದ್ದಾದರೆ ಇನ್ನೂ ಎರಡು ದಿನ ಕೈಯಲ್ಲಿರುತ್ತವೆ. ಬೆಳಗಿನ ಟ್ರಿಪ್ ಸಾಮಾನ್ಯವಾಗಿ ಒಳ್ಳೆಯದು, ಹೊತ್ತೇರಿದ ಹಾಗೆ ಕಡಲಗಾಳಿ ಬೀಸತೊಡಗುತ್ತದೆ. ನೀರಿನ ಮೇಲೆ ಬಿಳಿ ನೊರೆ ಎದ್ದರೆ ದೂರದ ಉಸಿರಿಗೂ ನೊರೆಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ದೋಣಿ ಓಲಾಟಕ್ಕೆ ವಾಂತಿ ಬರುವವರು ಮಾತ್ರೆಯನ್ನು ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು, ಯಾವ ಮಾತ್ರೆ ಅಂತ ಡಾಕ್ಟರನ್ನು ಕೇಳಿಕೊಳ್ಳಿ. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ದೋಣಿಯ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ನಿಂತು ದಿಗಂತ ನೋಡಿ, ಫೋನ್ ನೋಡಬೇಡಿ. ದಡದಲ್ಲಿ ಸೆಖೆ ಇದ್ದರೂ ಒಂದು ದಪ್ಪ ಜಾಕೆಟ್ ತೆಗೆದುಕೊಂಡು ಹೋಗಿ, ಓಡುವ ದೋಣಿಯಲ್ಲಿ ಚಳಿ ಬೇರೆಯೇ ಇರುತ್ತದೆ.

ಕ್ಯಾಮೆರಾ ವಿಷಯದಲ್ಲಿ ಒಂದೇ ಮಾತು. ಮೊದಲು ಎದ್ದದ್ದನ್ನು ಕಣ್ಣಲ್ಲಿ ನೋಡಿ, ಅದು ಉಸಿರಾಡುವ ಲಯ ಗೊತ್ತಾದ ಮೇಲೆ ಕ್ಯಾಮೆರಾ ಎತ್ತಿ. ಬೆನ್ನು ಬಿಲ್ಲಿನಂತೆ ಬಾಗಿತು ಅಂದರೆ ಮುಂದಿನ ಕ್ಷಣ ಬಾಲ ಏಳಬಹುದು ಅಂತ ಅರ್ಥ, ಆಗ ಒತ್ತಿ. ಮುಳುಗಿದ ಮೇಲೆ ನೀರಿನ ಮೇಲೆ ಎಣ್ಣೆ ಹುಯ್ದಂತೆ ನಯವಾದ ವೃತ್ತ ಉಳಿಯುತ್ತದೆ. ಅದು ಬಾಲ ಬೀಸಿದ ಗುರುತು.

ಹಂಪ್‌ಬ್ಯಾಕಿನ ಬಾಲದ ಅಡಿಭಾಗದ ಕಪ್ಪುಬಿಳುಪು ಚಿತ್ತಾರ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ, ನಮ್ಮ ಬೆರಳಚ್ಚಿನ ಹಾಗೆ. ಹ್ಯಾಪಿವೇಲ್ ಅನ್ನುವ ಜಾಲತಾಣದಲ್ಲಿ ಯಾರು ಬೇಕಾದರೂ ಆ ಫೋಟೋ ಹಾಕಬಹುದು. ಯಾವ ಪ್ರಾಣಿ ಅಂತ ಅಲ್ಲಿ ಹೊಂದಿಸಿ ನೋಡುತ್ತಾರೆ. ತಮ್ಮ ಫೋಟೋಗಳನ್ನು ಹೀಗೆ ಕಳಿಸುವ ದೋಣಿಯವರೂ ಇದ್ದಾರೆ, ಎರಡು ದೋಣಿ ಎಲ್ಲದರಲ್ಲೂ ಸಮ ಅನ್ನಿಸಿದರೆ ನಾನು ಅವರನ್ನೇ ಆರಿಸುತ್ತೇನೆ. ನೀವು ಕಂಡ ಅದೇ ತಿಮಿಂಗಿಲ ಮುಂದೆ ಯಾವಾಗಲೋ ಇನ್ನೊಂದು ಕಡಲಲ್ಲಿ ಬಾಲ ಎತ್ತಿ, ಅಲ್ಲಿ ಯಾರೋ ಫೋಟೋ ತೆಗೆದು ಹಾಕಿದರೆ, ನಿಮಗೆ ಈಮೇಲ್ ಬರುತ್ತದೆ.